ಡಾನ್ ಅಬುಂಡಿಯೊ ಸಾಲ್ಸೆಡೊ ಅವರ ನಾಲ್ಕನೆಯ ಮರಣದ ನೋಂದಣಿ

ಡಾನ್ ಅಬುಂಡಿಯೊ ಸಾಲ್ಸೆಡೊ ಅವರು ನಾಲ್ಕನೆಯ ಸಲ ನಿಧನರಾದದ್ದು ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ಉರಿಯುತ್ತಿದ್ದ ಕಾರಿನ ಸಮೇತ ಅವರು ಬಂಡೆಯ ಮೇಲಿಂದ ಸಮುದ್ರಕ್ಕೆ ಬಿದ್ದುದನ್ನು ಸಾನ್ ಫ್ಲಾವಿಯಾನೊ ಪುರಸಭೆಯ ಹದಿನಾಲ್ಕು ಮಂದಿ ನೌಕರರು ಊಟದ ಕೋಣೆಯ ಟೀವಿಯಲ್ಲಿ ಕಣ್ಣಾರೆ ಕಂಡರು. ಊಟದ ವೇಳೆ ಒಂದು ಗಂಟೆಗೇ ಮುಗಿದಿತ್ತಾದ್ದರಿಂದ, ಇದನ್ನು ಕಚೇರಿಯ ವೇಳೆಯಲ್ಲಿ ಜರುಗಿದ ಅಧಿಕೃತ ಘಟನೆ ಎಂದೇ ಪರಿಗಣಿಸತಕ್ಕದ್ದು.

ಡಾನ್ ಅವರು ‘ಉಪ್ಪಿನ ಅರಮನೆ’ ಎಂಬ ಧಾರಾವಾಹಿಯ ನಾಯಕರು. ಒಂಬತ್ತು ವರ್ಷಗಳಲ್ಲಿ ಅವರು ಹಡಗಿನೊಂದಿಗೆ ಮುಳುಗಿದ್ದರು, ಮಗಳ ಮದುವೆಯಲ್ಲಿ ವಿಷ ಕುಡಿದಿದ್ದರು, ಆಸ್ಪತ್ರೆಯಲ್ಲಿ ಅವಳಿ ತಮ್ಮನೇ ಉಸಿರಿನ ಕೊಳವೆ ಕಿತ್ತಿದ್ದ. ಮೂರು ಸಲವೂ ಅವರು ಮರಳಿ ಬಂದಿದ್ದರು. ಪುರಸಭೆಯ ಮರಣ ನೋಂದಣಿ ಅಧಿಕಾರಿ ಪೆರ್ಪೆತುವಾ ಮಗ್ಸಿನೊ ಮೊದಲನೆಯ ಸಾವಿಗೆ ಎರಡು ದಿನ ರಜೆ ಹಾಕಿ ಅತ್ತಿದ್ದರು. ಎರಡನೆಯದಕ್ಕೆ ಒಂದು ದಿನ, ಮೂರನೆಯದಕ್ಕೆ ಅರ್ಧ ದಿನ. ನಾಲ್ಕನೆಯದಕ್ಕೆ ಅವರ ಖಾತೆಯಲ್ಲಿ ರಜೆಯೇ ಉಳಿದಿರಲಿಲ್ಲ.

ಕತೆ ಹೇಳುವ ಬಗ್ಗೆ ಪೆರ್ಪೆತುವಾ ಅವರಿಗೆ ಖಚಿತ ಅಭಿಪ್ರಾಯಗಳಿದ್ದವು. ಅವಳಿಗಳು ಮೊದಲ ಕಂತಿನಲ್ಲೇ ಹುಟ್ಟಬೇಕು. ನೆನಪು ಕಳೆದುಕೊಳ್ಳುವವರು ಮನೆಗೆ ಒಬ್ಬರಿಗಿಂತ ಹೆಚ್ಚಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸತ್ತವರು ಸತ್ತೇ ಇರಬೇಕು. ಇಪ್ಪತ್ತಾರು ವರ್ಷಗಳಲ್ಲಿ ಅವರು ಹನ್ನೊಂದು ಸಾವಿರ ಸಾವುಗಳನ್ನು ಸ್ವಂತ ಕೈಬರಹದಲ್ಲಿ ದಾಖಲಿಸಿದ್ದರು. ಅವರಲ್ಲಿ ಒಬ್ಬರೂ ಬಂದು ತಮ್ಮ ಸಾಲನ್ನು ಹೊಡೆದುಹಾಕಿ ಎಂದು ಕೇಳಿರಲಿಲ್ಲ. ಇದೇ ಮಾತನ್ನು ಅವರು ವಾಹಿನಿಗೆ ನಲವತ್ತೊಂದು ಪತ್ರಗಳಲ್ಲಿ ಬರೆದಿದ್ದರು. ನಲವತ್ತೊಂದನೆಯದಕ್ಕೆ ಉತ್ತರ ಬಂತು.

“ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ವಂದನೆಗಳು. ಡಾನ್ ಅವರು ನಿಧನರಾಗಿದ್ದಾರೆ ಎಂಬುದಕ್ಕೆ ನಮ್ಮಲ್ಲಿ ಯಾವ ದಾಖಲೆಯೂ ಇಲ್ಲದ ಕಾರಣ, ಅವರ ಪುನರಾಗಮನಕ್ಕೆ ಯಾರೂ ಆಕ್ಷೇಪಿಸಲು ಬರುವುದಿಲ್ಲ.”

ಪೆರ್ಪೆತುವಾ ಪತ್ರವನ್ನು ಎರಡು ಸಲ ಓದಿದರು. ವಾಹಿನಿಯವರ ವಾದದಲ್ಲಿ ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ. ದಾಖಲೆ ಇರಲಿಲ್ಲ, ನಿಜ. ಆದರೆ ನಾಲ್ಕನೆಯ ಸಾವಿನ ದೃಶ್ಯ ಚಿತ್ರೀಕರಣವಾದದ್ದು ಸಾನ್ ಫ್ಲಾವಿಯಾನೊದ ಬಂಡೆಯ ಮೇಲೇ. ಕಾರಿನ ಹಿಂದೆ ಪುರಸಭೆಯ ಆಡಿನ ದೊಡ್ಡಿ ಸ್ಪಷ್ಟವಾಗಿ ಕಂಡಿತ್ತು. ಆದ್ದರಿಂದ ಮರಣಸ್ಥಳ ಅವರ ವ್ಯಾಪ್ತಿಯೊಳಗಿನದು. ಅವರು ನಮೂನೆ ತೆಗೆದು ತುಂಬಿದರು. ಹೆಸರು, ಅಬುಂಡಿಯೊ ಸಾಲ್ಸೆಡೊ. ಕಾರಣ, ಬೆಂಕಿ, ಎತ್ತರ ಮತ್ತು ನೀರು. ಸಾಕ್ಷಿಗಳು, ಹದಿನಾಲ್ಕು. ಪುರಸಭೆಯ ವೈದ್ಯರೂ ಅಂದು ಟೀವಿಯ ಮುಂದೆ ಇದ್ದುದರಿಂದ ತಕರಾರಿಲ್ಲದೆ ಸಹಿ ಹಾಕಿದರು. “ಅಷ್ಟೆತ್ತರದಿಂದ ಬಿದ್ಮೇಲೆ ನಾನಾದ್ರೂ ಏನ್ ಮಾಡೋಕಾಗ್ತಿತ್ತು?” ಎಂದು ಬೇಜಾರೂ ಪಟ್ಟುಕೊಂಡರು.

ಪ್ರಮಾಣಪತ್ರದ ಪ್ರತಿ ತಲುಪಿದ ಮೂರನೆಯ ದಿನ ವಾಹಿನಿಯ ಮುಖ್ಯ ಕತೆಗಾರ್ತಿ ಲುದಿವಿನಾ ಎಂಬಾಕೆ ಇಬ್ಬರು ವಕೀಲರೊಂದಿಗೆ ಓಡಿ ಬಂದಳು. ಮುಂದಿನ ತಿಂಗಳು ಡಾನ್ ಮೀನುಗಾರರ ಗುಡಿಸಲಲ್ಲಿ ಕಣ್ಣು ತೆರೆಯುವುದೆಂದು ಆಗಲೇ ಬರೆದಾಗಿತ್ತು. ಸರ್ಕಾರಿ ಮುದ್ರೆ ಬಿದ್ದ ಹೆಣವನ್ನು ಎಬ್ಬಿಸುವುದು ಅಪರಾಧವೆಂದು ವಕೀಲರು ಹೇಳಿದ್ದರು.

ಊರಿಗೆ ಟೀವಿಯವರು ಬಂದುದನ್ನು ಕಂಡು ಮೇಯರ್ ಹೆರ್ಮೊಹೆನೆಸ್ ಅವರಿಗೆ ಹಿಗ್ಗು ತಡೆಯಲಾಗಲಿಲ್ಲ. ಅಂದೇ ಪ್ರಕಟಣೆ ಹೊರಟಿತು. ಟೀವಿ, ಸಿನಿಮಾ, ಕಾಮಿಕ್ಸ್ ಮತ್ತು ಆಟಗಳಲ್ಲಿ ಸಾಯುವ ಎಲ್ಲರೂ ಇನ್ನು ಮುಂದೆ ಪುರಸಭೆಯಲ್ಲಿ ಹೆಸರು ನೋಂದಾಯಿಸತಕ್ಕದ್ದು. ಶವ ಕಾಣದ ಸಾವನ್ನು ಮೂವತ್ತು ಕಂತುಗಳ ಕಾಲ ತಾತ್ಕಾಲಿಕವೆಂದು ಭಾವಿಸಲಾಗುವುದು. ಆಟದ ವೀರರು ತಮ್ಮ ಬಳಿ ಎಷ್ಟು ಜೀವಗಳಿವೆ ಎಂಬುದನ್ನು ಪ್ರಮಾಣ ಮಾಡಿ ತಿಳಿಸಬೇಕು. ಮರಳಿ ಬರಬಯಸುವವರು ನಂಬಲರ್ಹವಾದ ಕಾರಣದೊಂದಿಗೆ ಸಮಿತಿಗೆ ಅರ್ಜಿ ಸಲ್ಲಿಸಬೇಕು. ನಿಯಮಗಳನ್ನೆಲ್ಲ ರಚಿಸಿದ್ದು ಪೆರ್ಪೆತುವಾ. ಹೊಸ ವಿಭಾಗಕ್ಕೆ ಮುಖ್ಯಸ್ಥೆಯಾದದ್ದೂ ಅವರೇ.

ಅಭಿಮಾನಿಗಳ ಸಾಲು ಮೀನಿನ ಮಾರುಕಟ್ಟೆಯವರೆಗೆ ಬೆಳೆಯಿತು. ಹುಟ್ಟಿದ ಕೂಸುಗಳ ಹೆಸರು ಬರೆಸಲು ಬಂದವರಿಗೆ ಡಿಸೆಂಬರಿನಲ್ಲಿ ಬರಲು ಹೇಳಲಾಯಿತು. ಬಹಳ ವರ್ಷಗಳ ನಂತರ ಪೆರ್ಪೆತುವಾ ಅವರಿಗೆ ಲೋಕದಲ್ಲಿ ಕತೆ ಒಂದು ಶಿಸ್ತಿಗೆ ಬಂದಿದೆ ಎನ್ನಿಸಿತು.

ಎರಡು ವಾರ ಕಳೆಯಿತು. ಒಬ್ಬ ನಡುವಯಸ್ಸಿನ ಮನುಷ್ಯ ಹೆಲ್ಮೆಟ್ ಕೈಯಲ್ಲಿ ಹಿಡಿದು ಕಿಟಕಿಯ ಮುಂದೆ ನಿಂತ. ಊರಿನಲ್ಲಿ ಟ್ರೈಸಿಕಲ್, ಅಂದರೆ ಬೈಕಿಗೆ ಪಕ್ಕದ ಗಾಡಿ ಜೋಡಿಸಿದ ಮೂರು ಚಕ್ರದ ವಾಹನ, ಬಾಡಿಗೆಗೆ ಓಡಿಸುವ ಅವನನ್ನು ಪೆರ್ಪೆತುವಾ ಚೆನ್ನಾಗಿ ಬಲ್ಲರು. ಅವರನ್ನು ದಿನವೂ ಕಚೇರಿಗೆ ತಂದುಬಿಡುತ್ತಿದ್ದವನು ಅವನೇ. ಅವನ ಹೆಸರೂ ಅಬುಂಡಿಯೊ ಸಾಲ್ಸೆಡೊ.

“ಅಕ್ಕಾ, ನನ್ನ ಲೈಸೆನ್ಸ್ ಕೊಡಲ್ಲ ಅಂತಾರೆ. ನಾನು ಸತ್ತೋಗಿದೀನಂತೆ.”

ಪೆರ್ಪೆತುವಾ ದಫ್ತರ ತೆರೆದು ನೋಡಿದರು. “ಹೌದಪ್ಪ. ಮಂಗಳವಾರ. ಎರಡು ಇಪ್ಪತ್ತಕ್ಕೆ.”

“ಮಂಗಳವಾರ ನಿಮ್ಮನ್ನ ಮನೆಗೆ ಬಿಟ್ನಲ್ಲ ಅಕ್ಕಾ!”

“ಅದು ಐದು ಗಂಟೆಗೆ. ಸತ್ತ ಮೇಲೆ.”

“ನಾನು ಸತ್ತೇ ಇಲ್ಲ!”

“ವಾಪಸ್ ಬಂದೋರೆಲ್ಲ ಇದೇ ಮಾತು ಹೇಳೋದು,” ಎಂದರು ಪೆರ್ಪೆತುವಾ. ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೇ ಅದು ಸ್ವಲ್ಪ ಕಟುವಾಯಿತೆನ್ನಿಸಿತು. “ಅರ್ಜಿ ಕೊಡು. ನಾನೂ ಒಂದು ಮಾತು ಹೇಳ್ತೀನಿ.”

ವಿಷಯ ತುರ್ತಿನದಾಗಿತ್ತು. ಅಬುಂಡಿಯೊನ ಮಗಳು ಲಿಗಾಯಾಳ ಮದುವೆ ಮುಂದಿನ ಶನಿವಾರವಿತ್ತು. ಮದುವೆಗೆ ಸಾಕ್ಷಿ ನಿಲ್ಲಬೇಕಾದ ಧರ್ಮತಾಯಿ ಸ್ವತಃ ಪೆರ್ಪೆತುವಾ. ಪಾದ್ರಿಗಳು ದಾಖಲೆ ನೋಡಿ, ಹುಡುಗಿಯ ತಂದೆಯ ಹೆಸರಿನ ಹಿಂದೆ ‘ದಿವಂಗತ’ ಎಂದು ಬರೆದಿದ್ದರು. ಸತ್ತವನು ಮಗಳ ಕೈ ಹಿಡಿದು ಚರ್ಚಿನೊಳಗೆ ನಡೆದರೆ ಭಕ್ತರ ಗಮನ ಬೇರೆಡೆಗೆ ಹೋಗುತ್ತದೆ ಎಂಬುದು ಅವರ ಅಭಿಪ್ರಾಯ.

ಸಮಿತಿ ಸೇರಿತು. ಲುದಿವಿನಾ ಕತೆಗಳ ತಜ್ಞೆಯಾಗಿ ಕುಳಿತಿದ್ದಳು. ಅಬುಂಡಿಯೊ ತನ್ನ ಕತೆ ಹೇಳಿದ: ಹುಟ್ಟಿದೆ, ಗಾಡಿ ಓಡಿಸಿದೆ, ಈಗ ಇಲ್ಲಿ ಕೂತಿದ್ದೇನೆ.

“ಇದರಲ್ಲಿ ತಿರುವೇ ಇಲ್ವಲ್ಲ ಸಾರ್,” ಎಂದು ಲುದಿವಿನಾ ಮೇಯರ್ ಕಡೆ ತಿರುಗಿದಳು. “ಯಾರು ನಂಬ್ತಾರೆ? ಸಾಯದೇನೇ ಬದುಕಿರೋದು ತುಂಬಾ ಸಪ್ಪೆ.”

“ಅವಳಿ ಗಿವಳಿ ಯಾರಾದ್ರೂ ಇದಾರೇನಯ್ಯಾ?” ಮೇಯರ್ ಕಳಕಳಿಯಿಂದ ಕೇಳಿದರು.

“ಒಬ್ಳು ತಂಗಿ ಇದಾಳೆ ಸಾರ್. ದುಬೈಲಿ.”

“ತಂಗಿ ಸಾಲಲ್ಲ,” ಎಂದಳು ಲುದಿವಿನಾ.

ಪೆರ್ಪೆತುವಾ ಪ್ರಮಾಣಪತ್ರವನ್ನೇ ರದ್ದುಮಾಡಲು ಸೂಚಿಸಿದರು. ಲುದಿವಿನಾ ಇಷ್ಟು ದಿನ ಕಾದಿದ್ದೇ ಈ ಮಾತಿಗೆ. ದಫ್ತರದ ಸಾಲೊಂದೇ, ಹೆಸರೊಂದೇ. ಅದನ್ನು ಹೊಡೆದರೆ ಗಾಡಿಯವನೂ ಏಳುತ್ತಾನೆ, ಡಾನ್ ಕೂಡ ಏಳುತ್ತಾರೆ. “ನೀವೇ ಯೋಚ್ನೆ ಮಾಡಿ ಮೇಡಂ,” ಎಂದು ಅವಳು ಲೇಖನಿಯನ್ನು ಅವರ ಮುಂದಿಟ್ಟಳು. “ನಲವತ್ತೊಂದು ಕಾಗದ ಬರೆದೋರು ನೀವು.”

ಪೆರ್ಪೆತುವಾ ಲೇಖನಿ ಮುಟ್ಟದೆ ಎದ್ದು ಹೊರಬಂದರು. ಜಗುಲಿಯಲ್ಲಿ ಲಿಗಾಯಾ ಕಾಯುತ್ತಿದ್ದಳು. ಅವಳ ತೊಡೆಯ ಮೇಲೆ ಅಪ್ಪನಿಗಾಗಿ ಹೊಲಿಸಿದ ಬಿಳಿಯ ಕಸೂತಿ ಅಂಗಿ ಇತ್ತು.

“ಅಮ್ಮಾ, ಅಪ್ಪ ಇದನ್ನ ಹಾಕ್ಕೋಬಹುದಾ?” ಎಂದು ಕೇಳಿದಳು. “ಹೂಳೋವಾಗ ಹಾಕೋದು ಅಂತಾದ್ರೆ, ಅಪ್ಪ ಬೇಡ ಅಂತಾರೆ. ತೋಳು ಬಿಗಿಯಂತೆ.”

ಪೆರ್ಪೆತುವಾ ಅಂಗಿಯ ತೋಳನ್ನು ಎಳೆದು ನೋಡಿದರು. ಬಿಗಿಯೇ ಇತ್ತು. ತಿರುಗಿ ಒಳಹೋಗಿ ಆ ಸಾಲನ್ನು ಹೊಡೆದು ಸಹಿ ಹಾಕಿದರು. ಒಂಬತ್ತು ವರ್ಷಗಳ ಅಭಿಪ್ರಾಯ ಒಂದೇ ಗೆರೆಯಲ್ಲಿ ಹೋಯಿತು. ಗೆರೆ ಸೊಟ್ಟಗಾಗಿದೆ. ದಫ್ತರದಲ್ಲಿ ಈಗಲೂ ನೋಡಬಹುದು.

ಆದರೆ ಬರೀ ಸಹಿಯಿಂದ ಯಾರೂ ಮರಳಿ ಬರಲಾಗದು ಎಂಬುದು ಅವರದೇ ನಿಯಮವಾಗಿತ್ತು. ನಂಬಲರ್ಹ ಕಾರಣ ಬೇಕು. ಸಮಿತಿ ಕಾರಣ ಒದಗಿಸಿ ಆದೇಶ ಹೊರಡಿಸಿತು: “ಅರ್ಜಿದಾರನು ಶನಿವಾರ, ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಪಾದ್ರಿಗಳು ಕೇಳಿದ ತರುವಾಯ, ತಲೆಗೆ ಬಟ್ಟೆ ಸುತ್ತಿಕೊಂಡು ಪಶ್ಚಿಮದ ಬಾಗಿಲಿನಿಂದ ಪ್ರವೇಶಿಸತಕ್ಕದ್ದು. ನೆರೆದವರೆಲ್ಲರೂ ಬೆರಗಾಗತಕ್ಕದ್ದು. ಆತನ ಪತ್ನಿ ಮೂರ್ಛೆ ಹೋಗತಕ್ಕದ್ದು. ಅರ್ಜಿದಾರನಿಗೆ ಮೂವತ್ತು ದಿನ ಏನೂ ನೆನಪಿರತಕ್ಕದ್ದಲ್ಲ.”

ಶನಿವಾರ ಅಬುಂಡಿಯೊ ಚರ್ಚಿನ ಹಿಂದೆ, ಊಟಕ್ಕೆಂದು ಇಡಿಯಾಗಿ ಸುಡುತ್ತಿದ್ದ ಹಂದಿಯ ಪಕ್ಕ ಒಂದು ಗಂಟೆ ಕಾದು ನಿಂತ. ಪಾದ್ರಿಗಳು ಪ್ರಶ್ನೆ ಕೇಳಿದರು. ಪಶ್ಚಿಮದ ಬಾಗಿಲು ತೆರೆಯಿತು. ಬೆಳಗ್ಗೆ ಅದೇ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟವರು ಪೆರ್ಪೆತುವಾ. ಆದರೂ ಆ ಬೆಳಕಿನಲ್ಲಿ ಬಟ್ಟೆ ಸುತ್ತಿದ ತಲೆ, ಬಿಗಿ ತೋಳಿನ ಅಂಗಿ ಕಂಡೊಡನೆ ಅವರ ಗಂಟಲಿನಿಂದ ಒಂದು ದೊಡ್ಡ ಅಳು ನುಗ್ಗಿಬಂತು. ಅದು ಆದೇಶದಲ್ಲಿ ಇರಲಿಲ್ಲ. ಅವರ ಪಕ್ಕದವರೂ ಅತ್ತರು. ವಾಹಿನಿಯ ಕ್ಯಾಮೆರಾ ಹಿಡಿದವನೂ ಅತ್ತದ್ದರಿಂದ ಆ ಭಾಗ ಸ್ವಲ್ಪ ಅಲುಗಾಡಿದೆ.

ಬೆಳಗ್ಗೆ ತಾನೇ ಗಂಡನಿಗೆ ಗಂಜಿ ಬಡಿಸಿದ್ದ ಬಾಸಿಲಿಸಾ ಮೂರ್ಛೆ ಹೋಗಿ, ಎದ್ದು, ಓಡಿಬಂದು ಅವನ ಎದೆಗೆ ಗುದ್ದಿದಳು. “ಎಲ್ಲಿ ಸಾಯೋಕೆ ಹೋಗಿದ್ರಿ ಇಷ್ಟು ದಿನ?”

“ನೆನಪಿಲ್ಲ ಕಣೇ,” ಎಂದ ಅಬುಂಡಿಯೊ. ಮಗಳ ಕೈ ಹಿಡಿದು ನಡೆಯುವಾಗ ಅವಳ ಹೆಸರು ಕೇಳಲು ಮರೆಯಲಿಲ್ಲ.

ಅದೇ ವಾರ ಡಾನ್ ಕೂಡ ಮೀನುಗಾರರ ಗುಡಿಸಲಲ್ಲಿ ಕಣ್ಣು ತೆರೆದರು. ಹದಿನಾಲ್ಕು ನೌಕರರು ಸಾಕ್ಷಿಗಳಾಗಿ ಸಹಿ ಮಾಡಿದರು. ಚರ್ಚಿನ ದೃಶ್ಯ ಚೆನ್ನಾಗಿತ್ತು, ಆದರೆ ಬಾಗಿಲು ಇನ್ನಷ್ಟು ನಿಧಾನವಾಗಿ ತೆರೆಯಬಹುದಿತ್ತು ಎಂದು ಪೆರ್ಪೆತುವಾ ವಾಹಿನಿಗೆ ನಲವತ್ತೆರಡನೆಯ ಪತ್ರ ಬರೆದರು.

ಸೋಮವಾರ ಬೆಳಗ್ಗೆ ಅವರು ಟ್ರೈಸಿಕಲ್ ನಿಲ್ದಾಣಕ್ಕೆ ಬಂದಾಗ ಅಬುಂಡಿಯೊ ತಲೆಗೆ ಬಟ್ಟೆ ಸುತ್ತಿಕೊಂಡೇ ಕುಳಿತಿದ್ದ. ಇನ್ನೂ ಇಪ್ಪತ್ತೆಂಟು ದಿನ ಬಾಕಿ ಇತ್ತು.

“ನಮಸ್ಕಾರಪ್ಪ. ನಾನು ಪೆರ್ಪೆತುವಾ ಮಗ್ಸಿನೊ ಅಂತ. ಪುರಸಭೆಗೆ ಹೋಗ್ಬೇಕಿತ್ತು.”

“ಪುರಸಭೇನಾ?” ಅಬುಂಡಿಯೊ ಹಣೆ ಉಜ್ಜಿಕೊಂಡು ತುಂಬಾ ಯೋಚಿಸಿದ. “ಅದೆಲ್ಲಿ ಬರುತ್ತೆ ಅಕ್ಕಾ?”

ಪೆರ್ಪೆತುವಾ ಒಳಗೆ ಕುಳಿತು ದಾರಿ ಹೇಳತೊಡಗಿದರು. ಅವರು ‘ಎಡಕ್ಕೆ’ ಎನ್ನುವ ಮೊದಲೇ ಅವನು ಎಡಕ್ಕೆ ತಿರುಗಿಸಿದ್ದ. ಇಬ್ಬರೂ ಅದನ್ನು ಗಮನಿಸಲಿಲ್ಲ.