ಹರಾಜಿಗೆ ಬಿದ್ದ ಸಲೂನ್ ಕುರ್ಚಿ

ಆನ್‌ಲೈನ್ ಹರಾಜಿನ ಕಂಪನಿಯವರು ತನ್ನ ತಲೆಯನ್ನು ನುಣ್ಣಗೆ ಬೋಳಿಸಿಬಿಟ್ಟರು ಎಂದು ಮಾತಿನಮಲ್ಲ ಇಡೀ ಬೀದಿಗೆ ಕೇಳುವಂತೆ ಕೂಗಾಡಿದ. ಸ್ವಂತ ಸಲೂನ್ ಇಟ್ಟುಕೊಂಡು ಇಷ್ಟು ವರ್ಷ ಊರವರ ತಲೆ ನೋಡಿಕೊಂಡು ಬಂದವನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದ್ದೀತು? (ಮಾತಿನಮಲ್ಲ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅರ್ಧ ಮೀಸೆ ಬಾಕಿಯಿರುವಾಗ ಎದ್ದು ಓಡಲಾರದೆ ಅವನ ಭಾಷಣ ಕೇಳಿಸಿಕೊಂಡ ಗಿರಾಕಿಗಳು ಒಮ್ಮತದಿಂದ ದಯಪಾಲಿಸಿದ ಬಿರುದು.)

ನಡೆದದ್ದಿಷ್ಟೇ. ಸಲೂನನ್ನು ಹೊಸದು ಮಾಡುವ ಹುಮ್ಮಸ್ಸಿನಲ್ಲಿ ಅವನು ಹಳೆಯ ಗೋಡೆಗನ್ನಡಿಯನ್ನು ಆನ್‌ಲೈನ್ ಹರಾಜಿಗೆ ಹಾಕಿದ್ದ. ಬೆಲೆಯೇನೋ ಚೆನ್ನಾಗಿಯೇ ಬಂತು. ಅವನು ಅಂಗಡಿಯಲ್ಲಿ ಕೂತವರಿಗೆಲ್ಲ ಚಹಾ ಕುಡಿಸಿದ. ಹಣ ಕೈಸೇರುವ ದಿನ ನೋಡಿದರೆ, ಸರಕನ್ನು ಪ್ರಕಟಿಸಿದ್ದಕ್ಕೆ ಶುಲ್ಕ, ಎರಡನೆಯ ಫೋಟೊ ಹಾಕಿದ್ದಕ್ಕೆ ಶುಲ್ಕ, ಹೆಸರನ್ನು ದಪ್ಪಕ್ಷರದಲ್ಲಿ ಬರೆದದ್ದಕ್ಕೆ ಶುಲ್ಕ, ಮಾರಾಟವಾದ ಸಂತೋಷಕ್ಕೆ ಕಂಪನಿಗೊಂದು ಪಾಲು! ಎಲ್ಲ ಕಳೆದು ಉಳಿದದ್ದರಲ್ಲಿ ಒಂದು ಬಾಚಣಿಗೆ ಬಂತು. ಅದೂ ಪ್ಲಾಸ್ಟಿಕ್ಕಿನದು.

"ನನ್ನ ದುಡ್ಡು ನನಗೆ ಕಳಿಸೋದಕ್ಕೂ ದುಡ್ಡು ಹಿಡ್ಕೊಂಡಿದಾರೆ ಕಣೇ! ಇಂಥ ಹಗಲುದರೋಡೆ ಎಲ್ಲಾದ್ರೂ ಕೇಳಿದೀಯಾ?"

"ಕೇಳೋದೇನು, ದಿನಾ ನೋಡ್ತಿದೀನಲ್ಲ," ಎಂದಳು ಹೆಂಡತಿ, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ. "ಕಟಿಂಗ್ ಅಗ್ಗ ಅಂತ ದೊಡ್ಡದಾಗಿ ಬೋರ್ಡ್ ಬರೆಸಿದೀರಿ. ಆಮೇಲೆ ತಲೆ ಒದ್ದೆ ಮಾಡಿದ್ದಕ್ಕೆ ಬೇರೆ, ಕುತ್ತಿಗೆಗೆ ಪೌಡರ್ ಹಾಕಿದ್ದಕ್ಕೆ ಬೇರೆ, ಹೆಗಲ ಮೇಲಿನ ಕೂದಲು ಕೊಡವಿದ್ದಕ್ಕೆ ಬೇರೆ. ಆ ಕಂಪನಿಯವರು ನಿಮ್ಮ ಹತ್ರಾನೇ ಕಲಿತಿರಬೇಕು."

ಈ ಮಾತು ಅವನಿಗೆ ನಾಟಲಿಲ್ಲ. ಬದಲಿಗೆ ತಲೆಯಲ್ಲೊಂದು ದೀಪ ಹೊತ್ತಿಕೊಂಡಿತು. ಹೌದಲ್ಲ, ಹೇಳುವುದು ಕಡಿಮೆ, ಮೇಲಿನದೆಲ್ಲ ಬೇರೆ ಎಂಬ ಈ ವಿದ್ಯೆಯಲ್ಲಿ ತಾನೇ ಪಂಡಿತನಾಗಿರುವಾಗ ಯಾವುದೋ ಕಂಪನಿಗೆ ಹೆದರುವುದೇಕೆ?

ಈಗ ಕುರ್ಚಿಯ ವಿಷಯ ಹೇಳಬೇಕು. ಸಲೂನಿಗೆ ಹೊಸ ಕುರ್ಚಿ ಬಂದ ದಿನದಿಂದ ಹಳೆಯದು ಮನೆಯ ಮುಂದಿನ ಕೋಣೆಯಲ್ಲಿ ಬೀಡುಬಿಟ್ಟಿತ್ತು. ಎರಕದ ಕಬ್ಬಿಣದ ಮೈ, ಹಿತ್ತಾಳೆಯ ಕಾಲುಮಣೆ, ಎಮ್ಮೆಯಂಥ ತೂಕ. ಹೆಂಡತಿ ಎರಡು ಸಲ ಅದಕ್ಕೆ ಕಾಲು ಬಡಿದುಕೊಂಡು ಹೆಬ್ಬೆರಳು ಜಜ್ಜಿಸಿಕೊಂಡಿದ್ದಳು. ಅದೇ ಕೋಣೆಯಲ್ಲಿ ಸೋಮವಾರದಿಂದ ಅವಳ ಹೊಲಿಗೆ ತರಗತಿ ಶುರುವಾಗಬೇಕಿತ್ತು. ಹುಡುಗಿಯರು ಹೆಸರು ಬರೆಸಿಯಾಗಿತ್ತು, ಬಾಡಿಗೆ ಯಂತ್ರಗಳು ಬರುವುದಿತ್ತು. ಜಾಗವನ್ನು ಮಾತ್ರ ಕುರ್ಚಿ ಬಿಟ್ಟುಕೊಟ್ಟಿರಲಿಲ್ಲ.

"ಎದುರಂಗಡಿಯವರು ಒಳ್ಳೆ ಬೆಲೆಗೇ ಕೇಳಿದ್ರಲ್ಲ. ಕೊಟ್ಟು ಕೈತೊಳ್ಕೊಳ್ಳಿ," ಎಂದಳು ಅವಳು.

ಎದುರಂಗಡಿಯವನು ಎಂದರೆ ಬೀದಿಯ ಆಚೆಬದಿಯ ಸಲೂನಿನ ಮೌನಿ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವನ ಹೆಸರೆತ್ತಿದರೆ ಮಾತಿನಮಲ್ಲನ ಮೈ ಉರಿಯುತ್ತಿತ್ತು.

"ಅವನಿಗಾ? ನನ್ನ ಗಿರಾಕಿಗಳನ್ನ ಒಬ್ಬೊಬ್ಬರನ್ನೇ ಎಳ್ಕೊಂಡಿದ್ದು ಸಾಲದು ಅಂತ ಕುರ್ಚೀನೂ ಕೊಡ್ಲಾ? ಗುಜರಿಗೆ ಹಾಕಿದ್ರೂ ಹಾಕ್ತೀನಿ, ಅವನ ಅಂಗಡಿ ಹೊಸ್ತಿಲು ದಾಟೋಕೆ ಬಿಡಲ್ಲ!"

"ಅವರು ಯಾರನ್ನ ಎಳೆದ್ರು? ಬಾಯಿ ಮುಚ್ಕೊಂಡು ಕೆಲಸ ಮಾಡ್ತಾರೆ, ಜನಕ್ಕೆ ಅದೇ ಸುಖ. ನೋಡಿ, ಭಾನುವಾರದೊಳಗೆ ಕುರ್ಚಿ ಹೋಗಬೇಕು. ಇಲ್ಲಾಂದ್ರೆ ಸೋಮವಾರ ಹುಡುಗೀರನ್ನ ನಿಮ್ಮ ಸಲೂನಲ್ಲೇ ಕೂರಿಸ್ತೀನಿ."

ಮಾತಿನಮಲ್ಲ ಫೋನ್ ಹಿಡಿದು ಕೂತ. ಈ ಸಲ ಅವನು ಕಂಪನಿಯ ನಿಯಮಗಳನ್ನು ಸಾಲು ಬಿಡದೆ ಓದಿದ. ಇರುವೆಯಂಥ ಅಕ್ಷರಗಳ ನಡುವೆ ನಿಧಿ ಸಿಕ್ಕಿತು. ಕಂಪನಿಯ ಪಾಲು ಸರಕಿನ ಬೆಲೆಯ ಮೇಲೆ ಮಾತ್ರ; ಸಾಗಣೆ ವೆಚ್ಚದ ಮೇಲೆ ಇಲ್ಲ!

"ನೋಡ್ತಿರು," ಎಂದು ಅವನು ಘೋಷಿಸಿದ. "ಕುರ್ಚಿಯ ಬೆಲೆ ಒಂದು ರೂಪಾಯಿ. ಹಿಂದೆ ಮುಂದೆ ಸೊನ್ನೆ ಇಲ್ಲ, ಬರೀ ಒಂದು. ಸಾಗಣೆ ವೆಚ್ಚ ಮಾತ್ರ ಆನೆ ಸಾಗಿಸೋವಷ್ಟು. ಪಾಲು ತಗೊಳ್ಳೋಕೆ ಬಂದ ಕಂಪನಿ ಆ ಒಂದನ್ನ ನೆಕ್ಕೊಂಡು ಹೋಗ್ಲಿ!"

ಒಂದೇ ಫೋಟೊ. ದಪ್ಪಕ್ಷರ ಬೇಡ. ಕೊನೆಯಲ್ಲಿ ಒಂದು ಪ್ರಶ್ನೆ ಬಂತು: 'ಕೊಳ್ಳುವವರು ಖುದ್ದಾಗಿ ಬಂದು ಒಯ್ಯಬಹುದೇ?' ಹೌದು ಎಂದರೆ ಪುಕ್ಕಟೆ. ಇಲ್ಲ ಎಂದರೆ ಅದಕ್ಕೊಂದು ಸಣ್ಣ ಶುಲ್ಕ. ಮಾತಿನಮಲ್ಲ ಗಹಗಹಿಸಿ ನಕ್ಕ. ಇನ್ನೊಂದು ಬಲೆ! ಎಮ್ಮೆತೂಕದ ಕುರ್ಚಿಗಾಗಿ ದೇಶ ದಾಟಿ ಯಾವ ಪುಣ್ಯಾತ್ಮ ಬರುತ್ತಾನೆ? 'ಹೌದು' ಒತ್ತಿ ಶುಲ್ಕ ಉಳಿಸಿದ.

ಮೂರನೆಯ ದಿನ 'ಕುರ್ಚಿಪ್ರಿಯ' ಎಂಬ ಹೆಸರಿನಲ್ಲಿ ಒಂದು ಕೂಗು ಬಿತ್ತು. ಒಂದೇ ಒಂದು.

"ಕುರ್ಚಿಪ್ರಿಯ! ಹೆಸರಲ್ಲೇ ಎಂಥ ಸಂಸ್ಕಾರ ನೋಡು. ಯಾರೋ ಹಳೇ ವಸ್ತು ಸಂಗ್ರಹಿಸೋ ಶ್ರೀಮಂತ. ಬಂಗಲೆ ಇರಬೇಕು."

"ಇರಬೇಕು," ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ಆ ವಾರವಿಡೀ ಅವನು ಗಿರಾಕಿಗಳಿಗೆ ಕುರ್ಚಿಪ್ರಿಯನ ಬಂಗಲೆಯನ್ನು ವರ್ಣಿಸಿದ. ಬಂಗಲೆಗೆ ದಿನಕ್ಕೊಂದು ಅಂತಸ್ತು ಏರುತ್ತ ಹೋಯಿತು. ಭಾನುವಾರ ಸಂಜೆ ಹರಾಜು ಮುಗಿಯಿತು, ಕುರ್ಚಿಪ್ರಿಯನೇ ಗೆದ್ದ. ಆನೆಯಷ್ಟು ಸಾಗಣೆ ವೆಚ್ಚ ಈಗ ಬಂದೀತು, ಆಗ ಬಂದೀತು ಎಂದು ಮಾತಿನಮಲ್ಲ ಫೋನನ್ನೇ ದಿಟ್ಟಿಸಿದ. ಬಂದದ್ದು ಒಂದು ಸಾಲು: 'ಖುದ್ದಾಗಿ ಬಂದು ಒಯ್ಯುತ್ತೇನೆ. ಸಾಗಣೆ ಬೇಡ.'

ಅದನ್ನವನು ಎರಡನೆಯ ಸಲ ಓದುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಎದುರಂಗಡಿಯ ಮೌನಿ! ಹಿಂದೆ ಒಂದು ತಳ್ಳುಗಾಡಿ, ಅಂಗೈಯಲ್ಲಿ ಒಂದು ನಾಣ್ಯ.

"ಕುರ್ಚಿ, ಅಣ್ಣ," ಎಂದ ಮೌನಿ.

ಮಾತಿನಮಲ್ಲ ಬಾಗಿಲನ್ನು ಅರ್ಧ ಮುಚ್ಚಿದ. ಒಳಗೆ ಓಡಿ 'ಮಾರಾಟ ರದ್ದುಮಾಡಿ' ಎಂಬಲ್ಲಿ ಒತ್ತಿದ. ಕಂಪನಿ ವಿನಯದಿಂದಲೇ ಉತ್ತರಿಸಿತು: ರದ್ದತಿಗೆ ಶುಲ್ಕವುಂಟು, ಮತ್ತು ಅದನ್ನು ತಾವು ನಮೂದಿಸಿದ ಸಾಗಣೆ ವೆಚ್ಚವೂ ಸೇರಿದಂತೆ ಲೆಕ್ಕಹಾಕಲಾಗುವುದು. ಅವನು ತಾನೇ ಕಟ್ಟಿದ್ದ ಆನೆ ಅವನನ್ನೇ ತುಳಿಯಲು ನಿಂತಿತ್ತು. ಅವನು ಫೋನ್ ಜೇಬಿಗಿಟ್ಟು ಹೊರಗೆ ಬಂದು, ಕುರ್ಚಿಯ ಒಂದು ಬದಿ ಹಿಡಿದ.

ಇಬ್ಬರೂ ಅದನ್ನು ಬೀದಿ ದಾಟಿಸಿದರು. ಎದುರಂಗಡಿಯಲ್ಲಿ ಸರದಿ ಕಾಯುತ್ತಿದ್ದ ಗಿರಾಕಿಗಳು (ಹೆಚ್ಚಿನವರು ಇವನ ಹಳಬರೇ) ಎದ್ದು ದಾರಿ ಬಿಟ್ಟರು. ಒಬ್ಬನಂತೂ, "ಬಂಗಲೆಯ ಎಷ್ಟನೇ ಅಂತಸ್ತಿಗೆ ಹೊರಬೇಕು?" ಎಂದು ಕೇಳಿಯೇಬಿಟ್ಟ.

ಮನೆಗೆ ಮರಳುವಾಗ ಮೌನಿಯೂ ಜೊತೆಗೆ ಬಂದ. ನಾಣ್ಯವನ್ನೂ ಒಂದು ದಪ್ಪ ಲಕೋಟೆಯನ್ನೂ ಮಾತಿನಮಲ್ಲನ ಹೆಂಡತಿಯ ಕೈಗಿಟ್ಟ.

"ಅತ್ತಿಗೆ, ನಾನು ಮೊದಲು ಹೇಳಿದ್ದ ಬೆಲೆ ಇದರಲ್ಲಿದೆ. ಒಂದು ರೂಪಾಯಿಗೆ ಹೊತ್ಕೊಂಡು ಹೋದ್ರೆ ನನಗೆ ರಾತ್ರಿ ನಿದ್ದೆ ಬರಲ್ಲ." ಇಷ್ಟು ಮಾತಾಡಿ ಸುಸ್ತಾದವನಂತೆ ಅವನು ಹೊರಟುಹೋದ.

ಮಾತಿನಮಲ್ಲನ ಹೋದ ಜೀವ ಬಂತು. ಎದೆ ಮತ್ತೆ ಉಬ್ಬಿತು. "ಕಂಡ್ಯಾ? ಪೂರ್ತಿ ಬೆಲೆ ಬಂತು, ಕಂಪನಿಗೆ ಪಾಲೂ ಇಲ್ಲ! ನನ್ನ ಲೆಕ್ಕ ತಪ್ಪೋದೇ ಇಲ್ಲ," ಎಂದು ಕೈಚಾಚಿದ.

"ಸ್ವಲ್ಪ ತಡೀರಿ." ಹೆಂಡತಿ ಲಕೋಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಎದುರಂಗಡಿಯವರಿಗೆ ಖುದ್ದಾಗಿ ಒಯ್ಯೋ ವಿಷಯ ಹೇಳಿದವಳು ನಾನು. ಕುರ್ಚಿಪ್ರಿಯ ಅನ್ನೋ ಹೆಸರು ಇಟ್ಟವಳೂ ನಾನೇ. ಗಿರಾಕಿ ಹುಡುಕಿಕೊಟ್ಟಿದ್ದಕ್ಕೆ ನನಗೊಂದು ಪಾಲು. ಇಷ್ಟು ದಿನ ಕುರ್ಚಿ ಇಟ್ಕೊಂಡಿದ್ದಕ್ಕೆ ರೂಮಿನ ಬಾಡಿಗೆ. ದಿನಾ ಧೂಳು ಒರೆಸಿದ್ದಕ್ಕೆ ಕೂಲಿ. ಹೆಬ್ಬೆರಳಿಗೆ ಪರಿಹಾರ, ಎರಡು ಸಲದ್ದು."

"ಹೆಬ್ಬೆರಳಿಗೂ ಶುಲ್ಕಾನಾ!"

"ನಿಯಮ ಮೊದಲೇ ಓದ್ಕೋಬೇಕಿತ್ತು," ಎಂದು ಅವಳು ಅವನ ಅಂಗೈ ಬಿಡಿಸಿ ಆ ಒಂಟಿ ನಾಣ್ಯವನ್ನಿಟ್ಟಳು. "ಎಲ್ಲ ಕಳೆದು ನಿಮಗೆ ಉಳಿದಿದ್ದು ಇದು."

ಅಷ್ಟರಲ್ಲಿ ಫೋನ್ ಗುಂಯ್‌ಗುಟ್ಟಿತು. ಕಂಪನಿ ಅಭಿನಂದನೆ ಸಲ್ಲಿಸಿತ್ತು. ಬೆಲೆ ಎಷ್ಟೇ ಕಡಿಮೆಯಿರಲಿ, ಪ್ರತಿ ಮಾರಾಟಕ್ಕೂ ಕನಿಷ್ಠ ಶುಲ್ಕವೊಂದಿದೆಯೆಂದೂ, ಅದನ್ನು ಕೂಡಲೇ ಕಟ್ಟಿ ಸಹಕರಿಸಬೇಕೆಂದೂ ಕೋರಿತ್ತು. ಆ ಶುಲ್ಕಕ್ಕೆ ಒಂದು ನಾಣ್ಯ ಎಲ್ಲಿಗೂ ಸಾಲುತ್ತಿರಲಿಲ್ಲ.

ಮಾತಿನಮಲ್ಲ ಕೋಣೆಯ ಬಾಗಿಲಿಗೆ ಬಂದು ನಿಂತ. ಖಾಲಿಯಾದ ಕೋಣೆಯಲ್ಲಿ ಹೆಂಡತಿ ಆಗಲೇ ಅಳತೆಯ ಟೇಪು ಹಿಡಿದು ಯಂತ್ರಗಳಿಗೆ ಜಾಗ ಗುರುತು ಮಾಡುತ್ತಿದ್ದಳು.

"ಲೇ... ಒಂಚೂರು ಸಾಲ ಸಿಗುತ್ತಾ?"

"ಅಯ್ಯೋ, ನಿಮಗಿಲ್ಲದ ಸಾಲವಾ? ಖಂಡಿತ ಕೊಡ್ತೀನಿ," ಎಂದು ಅವಳು ನಗುತ್ತ ಎದ್ದು ಬಂದಳು. "ಮೊದಲು ಅರ್ಜಿ ಶುಲ್ಕ," ಎಂದು ಅವನ ಅಂಗೈಯಿಂದ ಆ ನಾಣ್ಯವನ್ನು ಎತ್ತಿಕೊಂಡಳು.