ನೆಲದಣ್ಣನ ಮೂವತ್ತೆರಡು ಎಲೆಗಳು

ಟೀ ಲೋಟ ವಾಲಿದ್ದು ಬರೀ ಎರಡು ಬೆರಳಿನಷ್ಟು. ಅಷ್ಟಕ್ಕೇ ರಿಜಿಸ್ಟರಿನ ಪುಟ ತೊಯ್ದು, ನೀಲಿ ಅಕ್ಷರಗಳು ಒಂದರ ಕೈ ಇನ್ನೊಂದು ಹಿಡಿದು ಹರಿದುಹೋದವು. ಯಾವ ಎಲೆ ಯಾವ ಕೊಂಬೆಯದು ಎಂದು ಬರೆದಿದ್ದ ಒಂದೇ ಒಂದು ಪುಟ ಅದು.

ಆ ಪ್ರಯೋಗಾಲಯದ ಸಹಾಯಕರನ್ನು ಎಲ್ಲರೂ ನೆಲದಣ್ಣ ಎಂದೇ ಕರೆಯುತ್ತಿದ್ದರು. ಬಲ್ಬು ಬದಲಿಸಲು ಸ್ಟೂಲು ಹತ್ತಬೇಕೆಂದರೂ ಅವರಿಗೆ ಬೆವರು ಕಿತ್ತು ಬರುತ್ತಿತ್ತು. ಅಂಥವರು ಹೋದ ತಿಂಗಳು ಏಣಿ, ಹಗ್ಗ ಮತ್ತು ನೆನಪಿಗೆ ಬಂದ ದೇವರ ಹೆಸರುಗಳನ್ನೆಲ್ಲ ಹಿಡಿದು ಅಂಗಳದ ಮುದಿಮರ ಹತ್ತಿ, ಮೂವತ್ತೆರಡು ಎಲೆ ಕಿತ್ತು ತಂದಿದ್ದರು. ಎಲೆಗಳನ್ನು ಅರೆದಾಗಿತ್ತು. ಅವುಗಳ ಡಿಎನ್‌ಎಯನ್ನು ಯಂತ್ರ ಓದಿ, ಯಾವ ಸಂಖ್ಯೆಯ ಎಲೆಯಲ್ಲಿ ಯಾವ ಅಕ್ಷರ ಬದಲಾಗಿದೆ ಎಂದು ಪಟ್ಟಿ ಕಳಿಸಿತ್ತು. ಸಂಜೆ ನಾಲ್ಕಕ್ಕೆ ದೊಡ್ಡ ಮೇಡಂ ಬಂದು ಪಟ್ಟಿಯನ್ನೂ ಪುಟವನ್ನೂ ಜೊತೆಗಿಟ್ಟು ನೋಡುವವರಿದ್ದರು. ಪುಟವಿಲ್ಲವೆಂದರೆ ಮತ್ತೆ ಮರ.

“ಒರೆಸಿಬಿಡಿ, ಏನಾಗಲ್ಲ,” ಎನ್ನುತ್ತ ಗುಮಾಸ್ತರು ತಾವೇ ಒರೆಸಿದರು. ಉಳಿದಿದ್ದ ಅಕ್ಷರಗಳೂ ಬಟ್ಟೆಗೆ ಬಂದವು.

“ಕೊಡಿ ಇಲ್ಲಿ, ಗಂಡಸರ ಕೈಲಿ ಒಂದು ಕೆಲಸ ನೆಟ್ಟಗಾಗಲ್ಲ,” ಎಂದರು ಗಾಜುಸಾಮಾನು ತೊಳೆಯುವ ಅಮ್ಮ. “ಒಣಗಿದ್ರೆ ಅಕ್ಷರ ಎದ್ದು ಬರುತ್ತೆ.”

ಸೀಸೆ ಒಣಗಿಸುವ ಓವನ್ನಿನಿಂದ ಹತ್ತು ನಿಮಿಷಕ್ಕೆ ಪುಟ ತರಗೆಲೆಯಾಗಿ ಹೊರಬಂತು. ನೆಲದಣ್ಣ ಮುಟ್ಟಿದೊಡನೆ ಪುಡಿಯಾಯಿತು.

“ಮೂವತ್ಮೂರನೇ ಎಲೆ,” ಎಂದರು ಗುಮಾಸ್ತರು.

ಗದ್ದಲ ಕೇಳಿ ಪಕ್ಕದ ಕೋಣೆಯ ಕಂಪ್ಯೂಟರ್ ಅಕ್ಕ ಬಂದರು.

“ಇಷ್ಟಕ್ಕೇ ಯಾಕಣ್ಣ ಮುಖ ಹಾಗೆ? ತಾನು ಯಾವ ಕೊಂಬೆಯದು ಅಂತ ಎಲೆನೇ ಹೇಳುತ್ತೆ.”

“ನನ್ನ ಹತ್ರ ಇದುವರೆಗೆ ಯಾವ ಎಲೇನೂ ಮಾತಾಡಿಲ್ಲಮ್ಮ.”

“ಒಬ್ಬ ಗುರುಗಳು ಪದ್ಯ ಹೇಳಿಕೊಡ್ತಾರೆ ಅಂದ್ಕೊಳ್ಳಿ. ಒಬ್ಬ ಶಿಷ್ಯ ಒಂದಕ್ಷರ ತಪ್ಪು ಕಲೀತಾನೆ. ಅವನ ಶಿಷ್ಯರು, ಅವರ ಶಿಷ್ಯರು, ಎಲ್ಲ ಆ ತಪ್ಪನ್ನೇ ಭಕ್ತಿಯಿಂದ ಹಾಡ್ತಾರೆ. ಜೀವಕೋಶನೂ ಹಾಗೇ. ಒಂದು ಎರಡಾಗೋವಾಗ ನಕಲು ತೆಗೆಯುತ್ತೆ, ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತೆ. ಕೊಂಬೆ ಚಿಗುರೋವಾಗ ಆದ ತಪ್ಪು ಆ ಕೊಂಬೆಯ ಎಲೆಗಳಿಗೆಲ್ಲ ಇಳಿದು ಬರುತ್ತೆ. ಒಂದೇ ತಪ್ಪು ಇರೋರನ್ನ ಒಂದೇ ಮನೆಗೆ ಸೇರಿಸಿ, ಮುಗೀತು.”

ಗೋಡೆಯ ಮೇಲಿದ್ದ ಮರದ ನಕ್ಷೆಯ ಕೆಳಗೆ ನಾಲ್ವರೂ ಪಟ್ಟಿ ಹರಡಿ ಕೂತು, ತಪ್ಪುಗಳ ಕವಲನ್ನು ನಕ್ಷೆಯ ಕೊಂಬೆಗಳ ಕವಲಿಗೆ ಹೊಂದಿಸತೊಡಗಿದರು. ಏಳನೇ ಎಲೆ, ಹನ್ನೊಂದನೇ ಎಲೆ ಒಡಹುಟ್ಟಿದವು. ಇಪ್ಪತ್ತನೆಯದು ಅವುಗಳ ಚಿಕ್ಕಪ್ಪನ ಮಗ.

“ಈ ಹದಿನಾಲ್ಕು ಯಾರ ಕಡೆಯೋರು?” ಎಂದು ಅಮ್ಮ, ಮದುವೆಮನೆಯ ನೆಂಟರ ಗುರುತು ಹಿಡಿಯುವವರಂತೆ ಕೇಳಿದರು.

ಮೂರೂವರೆಗೆ ಹೊಸ ಪುಟ ಸಿದ್ಧವಾಯಿತು. ನೆಲದಣ್ಣ ಮೊದಲಿಗಿಂತ ದುಂಡಗೆ ಬರೆದರು.

ನಾಲ್ಕಕ್ಕೆ ಬಂದ ಮೇಡಂ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಮೂವತ್ತೆರಡಕ್ಕೆ ಮೂವತ್ತೆರಡೂ ಸರಿ. ಮರದ ಕಡೆ ನೋಡದೆ, ಬರೀ ತಪ್ಪುಗಳಿಂದ ಎಲೆಯ ವಂಶ ಹೇಳಬಹುದಾ ಅಂತಲೇ ಈ ಪರೀಕ್ಷೆ ಇಟ್ಟಿದ್ದು. ನೀವು ಮರದ ಮೇಲೆ ಕಣ್ಣಾರೆ ಕಂಡು ಬರೆದಿದ್ದಕ್ಕೂ ಪಟ್ಟಿಗೂ ಕೂದಲಷ್ಟೂ ವ್ಯತ್ಯಾಸ ಇಲ್ಲ. ಸಾಕು. ಇನ್ನು ನೀವು ಯಾವ ಮರಾನೂ ಹತ್ತಬೇಕಾಗಿಲ್ಲ.”

ನೆಲದಣ್ಣ ಬೇಡಿಕೊಂಡಿದ್ದೆಲ್ಲ ಒಂದೇ ಮಾತಿನಲ್ಲಿ ಸಿಕ್ಕಿತ್ತು. ಆದರೆ ಪಟ್ಟಿಯಿಂದಲೇ ಹುಟ್ಟಿದ ಪುಟ ಪಟ್ಟಿಗೆ ಹೊಂದದೆ ಇನ್ನೇನಾದೀತು? ಗುಮಾಸ್ತರು ಪೆನ್ನಿನ ಮುಚ್ಚಳವನ್ನು ಆಳವಾಗಿ ಅಧ್ಯಯನ ಮಾಡುತ್ತಿದ್ದರು. ಅಕ್ಕ ನಾಲಗೆ ಕಚ್ಚಿಕೊಂಡಿದ್ದರು.

“ಮೇಡಂ,” ಎಂದರು ನೆಲದಣ್ಣ, “ಆ ಪುಟ ಮರ ನೋಡಿ ಬರೆದಿದ್ದಲ್ಲ. ಪಟ್ಟಿ ನೋಡಿ ಬರೆದಿದ್ದು.” ಟೀಯಿಂದ ಹಿಡಿದು ಓವನ್ನಿನವರೆಗೆ ಎಲ್ಲವನ್ನೂ ಒಪ್ಪಿಸಿದರು.

ಮೇಡಂ ಕನ್ನಡಕ ಹಾಕಿಕೊಂಡು, ಹೊಸ ಪುಟವನ್ನು ಪಟ್ಟಿಯಿಂದ ಬೇರೆ ಮಾಡಿ ಪಕ್ಕಕ್ಕಿಟ್ಟರು.

“ಹಾಗಾದ್ರೆ ನಾಳೆ ಮತ್ತೆ ಹತ್ತಿ.”

“ಆಗಲಿ ಮೇಡಂ.”

“ಅದಾದ ಮೇಲೆ ಕಟ್ಟಡದ ಹಿಂದಿರೋ ಹತ್ತು ಮರ.”

“ಯಾವ ಮರಾನೂ ಬೇಡ ಅಂದ್ರಲ್ಲ ಮೇಡಂ?”

“ಹನ್ನೊಂದೂ ನೋಡಬೇಕು ಅಂತ ಆಸೆ ನನಗೆ ಮೊದಲಿಂದ ಇತ್ತು. ಮೇಲೆ ಹತ್ತಿದೋರು ಏನು ಬರೀತಾರೋ ಅಂತ ಹೆದರಿ ಒಂದಕ್ಕೇ ನಿಲ್ಲಿಸಿದ್ದೆ. ಇಷ್ಟು ನಂಬಿಕಸ್ಥರು ಮನೆಯಲ್ಲೇ ಇದ್ದಾರೆ ಅಂತ ಗೊತ್ತಿರಲಿಲ್ಲ ನೋಡಿ.”

ನೆಲದಣ್ಣನ ಮನಸ್ಸು ಹೂವಿನಷ್ಟು ಹಗುರಾಗಿತ್ತು. ಕಾಲುಗಳಿಗೆ ಸುದ್ದಿ ಸ್ವಲ್ಪ ತಡವಾಗಿ ಮುಟ್ಟಿತು. ಮುಟ್ಟಿದ ಕೂಡಲೇ ಅವರು ಅಲ್ಲೇ ಮೆಲ್ಲಗೆ ನೆಲದ ಮೇಲೆ ಕೂತರು.