ಕೂಸಿಗೆ ಕೊಂಬಿಲ್ಲ ಎಂದು ಬರೆದುಕೊಟ್ಟದ್ದು

ಸರ್ಕಾರಿ ದಫ್ತರದಲ್ಲಿ ನಗುವಂಥ ಪ್ರಸಂಗಗಳು ವಾರಕ್ಕೊಂದರಂತೆ ಆಗುತ್ತಲೇ ಇರುತ್ತವೆ. ಆಗುವ ಹೊತ್ತಿಗೆ ಮಾತ್ರ ಯಾರಿಗೂ ನಗು ಬರುವುದಿಲ್ಲ.

ನಾನು ಹುಮನಾಬಾದಿನ ಒಂದು ದಫ್ತರದಲ್ಲಿ ಟೈಪಿಸ್ಟ್ ಆಗಿದ್ದೆ. ಎಪ್ಪತ್ತರ ದಶಕದ ಕೊನೆಗೆ ಮಗಳು ಹುಟ್ಟಿದಳು. ಬಾಣಂತನದ ರಜೆ ತೀರಿತು, ಅದರ ಮೇಲೆ ಹಾಕಿದ ಸಂಬಳವಿಲ್ಲದ ರಜೆಯೂ ತೀರುತ್ತ ಬಂತು. ಒಂದನೇ ತಾರೀಖಿಗೆ ಹಾಜರಾಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆಂದು ದಫ್ತರದಿಂದ ಹೇಳಿ ಕಳಿಸಿದರು. ನಮ್ಮವರು ಬಸವಕಲ್ಯಾಣದಲ್ಲಿ ಶಾಲಾ ಮಾಸ್ತರು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಕಾಣುವುದು ಸಂಜೆಗೇ. ಅತ್ತೆ ಬೇಮಳಖೇಡದಲ್ಲಿ, ಹೊಲ ಬಿಟ್ಟು ಬರುವಂತಿರಲಿಲ್ಲ. ಪಕ್ಕದ ಮನೆಯ ಮುದುಕಿಯೊಬ್ಬಳು ಕೂಸನ್ನು ನೋಡಿಕೊಳ್ಳಲು ತಯಾರಿದ್ದಳು. ಓಣಿಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು. ಆದರೆ ಅವಳು ಮಾಣಿಕನಗರದ ಅಂಗಡಿಗಳಲ್ಲಿ ಕಾಳು ಹಸನು ಮಾಡಿ ಬದುಕುವವಳು. ಆ ಕೆಲಸ ಬಿಡಿಸಿದರೆ ಅವಳ ಹೊಟ್ಟೆಗೆ ನಾವೇ ನೋಡಬೇಕು. ಅಷ್ಟು ಅನುಕೂಲ ನಮಗಿರಲಿಲ್ಲ.

ಆಗ ಒಂದು ಸುತ್ತೋಲೆ ನೆನಪಾಯಿತು. ದುಡಿಯುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಖರ್ಚಿಗೆ ಸರ್ಕಾರ ಸಹಾಯ ಕೊಡುತ್ತದೆ ಎಂದು ಅದರಲ್ಲಿತ್ತು. ನೆನಪಾಗದೆ ಏನು, ಹೆರಿಗೆಗೆ ಹೋಗುವ ಮುಂಚೆ ಕಾರ್ಬನ್ ಹಾಕಿ ಅದನ್ನು ಟೈಪ್ ಮಾಡಿದವಳೇ ನಾನು.

ಟೈಪಿಸ್ಟ್ ರಜೆದಾಗ ಇದ್ದಾರ

ಕೂಸನ್ನು ಎತ್ತಿಕೊಂಡು ದಫ್ತರಕ್ಕೆ ಹೋದೆ. ಹೆಡ್ ಕ್ಲರ್ಕ್ ಒಳ್ಳೆಯ ಮನುಷ್ಯ. ಆದರೆ ನಿಯಮ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವರಲ್ಲ. ನನ್ನ ಕೈಬರಹದ ಅರ್ಜಿ ನೋಡಿ ಹೇಳಿದರು, "ಬಾಯಾರ, ಇದು ಟೈಪ್ ಆಗಿರಬೇಕ್ರಿ. ಕೈಬರಹದ್ದು ಬೀದರಿನಾಗ ತಗೊಳ್ಳಾಂಗಿಲ್ಲ."

"ಹಂಗಾರ ಟೈಪ್ ಮಾಡಸ್ರಿ."

"ಹ್ಯಾಂಗ ಮಾಡಸಲಿ? ಟೈಪಿಸ್ಟ್ ರಜೆದಾಗ ಇದ್ದಾರ."

"ಟೈಪಿಸ್ಟ್ ನಾನೇ ಅಲ್ಲೇನ್ರಿ?"

"ಹೌದ್ರಿ. ಅದಕ್ಕ ಹೇಳಾಕತ್ತೇನಿ, ನೀವು ರಜೆದಾಗ ಇದ್ದೀರಿ."

ಮೂಲೆಯಲ್ಲಿ ನನ್ನ ಟೈಪ್‌ರೈಟರು ಮುಸುಕು ಹೊದ್ದು ಕುಳಿತಿತ್ತು. ರಜೆಯಲ್ಲಿದ್ದವರು ಅದನ್ನು ಮುಟ್ಟುವ ಹಾಗಿಲ್ಲ. ಕೆಲಸಕ್ಕೆ ಹಾಜರಾದರೆ ಮುಟ್ಟಬಹುದು, ಆದರೆ ಹಾಜರಾಗಲು ಕೂಸನ್ನು ನೋಡುವವರು ಬೇಕು, ಅದಕ್ಕಾಗಿಯೇ ಅರ್ಜಿ. ಇದನ್ನೆಲ್ಲ ವಿವರಿಸಿದೆ. ಹೆಡ್ ಕ್ಲರ್ಕ್ ನಿಯಮದ ಪುಸ್ತಕ ತಿರುವಿ, ಕಡೆಗೆ ಒಂದು ಹಾದಿ ಹುಡುಕಿದರು. ಅರ್ಧ ದಿನ ಹಾಜರಿ ಹಾಕಿಸಿಕೊಂಡೆ. ಮಗಳನ್ನು ಅವರ ತೊಡೆಯ ಮೇಲೆ ಕೊಟ್ಟು, ಅರ್ಜಿ ಟೈಪ್ ಮಾಡಿ, ಮತ್ತೆ ರಜೆಯ ಮೇಲೆ ಹೋದೆ. ಅಷ್ಟರಲ್ಲಿ ಮಗಳು ಅವರ ಧೋತರ ತೋಯಿಸಿದ್ದಳು. ಅವರಿಗೂ ಆ ಮಧ್ಯಾಹ್ನ ಅರ್ಧ ದಿನ ರಜೆ ಬೇಕಾಯಿತು.

ಎಮ್ಮೆಯ ಫಾರಂ

ಅರ್ಜಿಯ ಜೊತೆ ಒಂದು ಫಾರಂ ತುಂಬಬೇಕಿತ್ತು. ಈ ಸಹಾಯಕ್ಕೆಂದು ಫಾರಂ ಇನ್ನೂ ಅಚ್ಚಾಗಿರಲಿಲ್ಲ. ಎಮ್ಮೆ ಕೊಳ್ಳಲು ಸಾಲ ಕೊಡುವ ಫಾರಂಗಳು ಮಾತ್ರ ಕಪಾಟಿನಲ್ಲಿ ರಾಶಿ ಇದ್ದವು. ಹೆಡ್ ಕ್ಲರ್ಕ್ ಒಂದನ್ನು ತೆಗೆದು, ಮೇಲಿದ್ದ 'ಎಮ್ಮೆ' ಎಂಬುದನ್ನು ಹೊಡೆದು 'ಮಗು' ಎಂದು ಬರೆದು, ಸಣ್ಣ ಸಹಿ ಹಾಕಿ ಕೊಟ್ಟರು.

ರಾತ್ರಿ ಊಟವಾದ ಮೇಲೆ ನಾನು, ನಮ್ಮವರು ತುಂಬಲು ಕುಳಿತೆವು. ಬಣ್ಣ: ಗೋಧಿ. ಗುರುತು: ಎಡಗೆನ್ನೆಯ ಮೇಲೆ ಮಚ್ಚೆ. ಹಲ್ಲು: ಎರಡು, ಕೆಳಗಡೆ. ಮುಂದಿನದು ಕೊಂಬು. ನಮ್ಮವರು ಪೆನ್ನು ಇಟ್ಟುಬಿಟ್ಟರು. "ಇದನ್ನ ಖಾಲಿ ಬಿಡೂಣೇನು?"

ಮಾರನೇ ದಿನ ಹೋಗಿ ಕೇಳಿದರೆ ಹೆಡ್ ಕ್ಲರ್ಕ್ ಹೇಳಿದರು, "ಖಾಲಿ ಬಿಟ್ರ ಆಕ್ಷೇಪಣೆ ಬರ್ತದ್ರಿ. 'ಇಲ್ಲ' ಅಂತ ಬರೀರಿ."

ಬರೆದೆವು. ಕೊನೆಯ ಪ್ರಶ್ನೆ, ದಿನಕ್ಕೆ ಎಷ್ಟು ಹಾಲು ಕೊಡುತ್ತದೆ. ನಮ್ಮವರು ಶುದ್ಧ ಮಾಸ್ತರರ ಅಕ್ಷರದಲ್ಲಿ ಉತ್ತರಿಸಿದರು: 'ಕೊಡುವುದಿಲ್ಲ. ಕುಡಿಯುತ್ತದೆ.'

ಎಲ್ಲಿ ಕಟ್ಟೀರಿ?

ಹದಿನೈದು ದಿನದ ಮೇಲೆ ಬಾಗಿಲಲ್ಲಿ ಒಬ್ಬರು ಚೀಲ ಹಿಡಿದು ನಿಂತಿದ್ದರು. ಬೆವರು ಒರೆಸಿಕೊಳ್ಳುತ್ತ, "ಚಿಟಗುಪ್ಪದಿಂದ ಬಂದೀನ್ರಿ. ಆರೋಗ್ಯ ಪರೀಕ್ಷಾ ಮಾಡಬೇಕು. ಎಲ್ಲಿ ಕಟ್ಟೀರಿ?" ಎಂದು ಕೇಳಿದರು.

ತೊಟ್ಟಿಲ ವಿಷಯ ಕೇಳುತ್ತಿದ್ದಾರೆ ಅಂದುಕೊಂಡೆ. "ಒಳಗ ಕೋಣ್ಯಾಗ ಕಟ್ಟೀವ್ರಿ, ತೊಲಿಗೆ."

"ತೊಲಿಗೆ? ಎಳದ್ರ ಮನಿ ಬೀಳ್ತದಲ್ರಿ."

ಒಳಗೆ ಬಂದು ತೊಟ್ಟಿಲು ನೋಡಿ, ಚೀಲದಿಂದ ಫಾರಂ ತೆಗೆದು ಮತ್ತೊಮ್ಮೆ ಓದಿದರು. ಅವರು ದನದ ಡಾಕ್ಟರು. ಎಮ್ಮೆಯ ಫಾರಂ ಯಾವಾಗಲೂ ಹೋಗುವ ಹಾದಿಯಲ್ಲೇ ಹೋಗಿ ಅವರ ಮೇಜಿನ ಮೇಲೆ ಬಿದ್ದಿತ್ತು. ಕಿವಿಗೆ ಬಿಲ್ಲೆ ಹೊಡೆಯುವ ಇಕ್ಕಳ ಚೀಲದಿಂದ ಅರ್ಧ ಹೊರಗೆ ಬಂದಿತ್ತು. ಅದನ್ನು ಮೆಲ್ಲಗೆ ಒಳಗೆ ತಳ್ಳಿದರು. ನನಗೆ ಅಳು ಬಂತು. ಒಂದನೇ ತಾರೀಖಿಗೆ ಇಪ್ಪತ್ತು ದಿನವೂ ಉಳಿದಿರಲಿಲ್ಲ, ಕಾಗದ ವಾಪಸ್ಸು ಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕು.

"ಅಳಬ್ಯಾಡ್ರಿ ತಂಗಿ," ಎಂದು ಅವರು ತೊಟ್ಟಿಲ ಮೇಲೆ ಬಗ್ಗಿದರು. "ಕಣ್ಣು ಚುರುಕು ಅವ. ಮೈ ನುಣುಪು ಅದ. ಮೇವು... ಅಂದ್ರ, ಊಟ ಹ್ಯಾಂಗ ಮಾಡ್ತದ?"

"ಛಲೋ ಮಾಡ್ತದ್ರಿ."

ಅಲ್ಲೇ ಸಹಿ, ಮೊಹರು ಹಾಕಿ ಕೊಟ್ಟರು. ಅವರು ಹೋದ ಮೇಲೆ ಓದಿದೆ: 'ಆರೋಗ್ಯವಾಗಿದೆ. ಸಾಗಾಣಿಕೆಗೆ ಯೋಗ್ಯ.'

ತಂದೆಯ ಕೂಸು

ಬೀದರಿನಿಂದ ಉತ್ತರ ಬಂತು. ಸಹಾಯ ಸಿಗುವುದು ಮಾನ್ಯತೆ ಪಡೆದ ಕೇಂದ್ರದಲ್ಲಿ ಬಿಟ್ಟ ಕೂಸಿಗೆ ಮಾತ್ರ. ಅಂಥ ಕೇಂದ್ರ ಇದ್ದದ್ದು ಬಸವಕಲ್ಯಾಣದಲ್ಲಿ. ನಮ್ಮವರು ದಿನಾ ಅಲ್ಲಿಗೇ ಹೋಗುತ್ತಾರಲ್ಲ, ಕರೆದುಕೊಂಡು ಹೋಗಲಿ ಎಂದು ಬೆಳಿಗ್ಗೆ ಹಾಲಿನ ಬಾಟಲಿ, ದುಪಟಿ ಕಟ್ಟಿ ಕಳಿಸಿದೆ.

ಕೇಂದ್ರದ ಮೇಲ್ವಿಚಾರಕಿ ಕೂಸನ್ನು ಮುಟ್ಟಲಿಲ್ಲವಂತೆ. "ಇದು ತಾಯಂದಿರ ಕೂಸುಗಳ ಕೇಂದ್ರ ಅದರಿ. ತಂದಿ ಕೂಸು ತಗೊಳ್ಳಾಂಗಿಲ್ಲ."

"ಇದಕ್ಕೂ ತಾಯಿ ಇದ್ದಾಳ್ರಿ. ಹುಮನಾಬಾದಿನಾಗ ಇದ್ದಾಳ."

"ಆಕಿನೇ ತಂದು ಬಿಟ್ಟು, ಆಕಿನೇ ಸಹಿ ಮಾಡಿ ಒಯ್ಯಬೇಕು."

ಶಾಲೆಯ ಗಂಟೆ ಹೊಡೆಯುತ್ತಿತ್ತು. ನಮ್ಮವರು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಏಳನೇ ಇಯತ್ತೆಯ ಕ್ಲಾಸಿಗೆ ಹೋದರು. ಹುಡುಗರು ಹದಿನೇಳರ ಮಗ್ಗಿ ಶುರು ಮಾಡಿದರೋ ಇಲ್ಲವೋ, ಮಗಳು ಮೇಜಿನ ಮೇಲೆ ನಿದ್ದೆ ಹೋದಳು. ಅಷ್ಟರಲ್ಲಿ ಹೆಡ್ ಮಾಸ್ತರರು ಕಿಟಕಿಯಲ್ಲಿ ಇಣುಕಿದರು. ಮಲಗಿದ ಕೂಸನ್ನು ನೋಡಿ ಹೇಳಿದರಂತೆ, "ಇರ್ಲಿ ಬಿಡ್ರಿ ಮಾಸ್ತರ. ಈ ಕ್ಲಾಸಿನಾಗ ಗದ್ದಲ ಮಾಡದ ಹುಡುಗರು ಒಬ್ಬರಾದ್ರೂ ಬೇಕು."

ಸಾಹೇಬರ ತಪಾಸಣೆ

ಇನ್ನು ಉಳಿದದ್ದು ಒಂದೇ ಹಾದಿ. ಊರಲ್ಲಿ ಕೇಂದ್ರವಿಲ್ಲದಿದ್ದರೆ, ಬೀದರಿನ ಸಾಹೇಬರು ಬಂದು ತಪಾಸಣೆ ಮಾಡಿದ ಮನೆಗೂ ಮಾನ್ಯತೆ ಕೊಡಬಹುದು ಎಂದು ಸುತ್ತೋಲೆಯ ಕೊನೆಯಲ್ಲಿತ್ತು. ಮತ್ತೆ ಅರ್ಧ ದಿನ ಹಾಜರಿ ಹಾಕಿಸಿಕೊಂಡು, ಆಯಿಯ ಮನೆಗೆ ಮಾನ್ಯತೆ ಬೇಡಿ ಅರ್ಜಿ ಟೈಪ್ ಮಾಡಿದೆ. ರಜೆ ಎರಡೇ ದಿನ ಉಳಿದಾಗ ಬೀದರಿನಿಂದ ಆಯಿಯ ಬಾಗಿಲಿಗೆ ಜೀಪು ಬಂತು.

ಬಿಸಿಲೆಂದರೆ ಬಿಸಿಲು. ಸಾಹೇಬರು ಬೆಳಗಿನಿಂದ ಹಳ್ಳಿ ಹಳ್ಳಿ ತಿರುಗಿ ಊಟ ಕಾಣದೆ ಬಂದಿದ್ದರು. ಕಾಗದ ಬಿಚ್ಚಿ ಗಟ್ಟಿ ದನಿಯಲ್ಲಿ ಕೇಳಿದರು, "ಇಲ್ಲಿ ಆಹಾರದ ವ್ಯವಸ್ಥಾ ಏನದ?"

ಆಯಿ ಅವರ ಮುಖ ನೋಡಿ, "ತೋರಸ್ತೀನಿ, ಕುಂದರಪಾ," ಎಂದಳು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಮೇಲೆ ಮಜ್ಜಿಗೆ. ಬೇಡ ಬೇಡ ಎನ್ನುತ್ತಲೇ ಸಾಹೇಬರು ಮೂರು ರೊಟ್ಟಿ ಮುಗಿಸಿದರು. ಮೀಸೆಗೆ ಮಜ್ಜಿಗೆ ಹತ್ತಿತ್ತು. ಆಯಿ ಒದ್ದೆ ಬಟ್ಟೆಯಿಂದ ತಾನೇ ಒರೆಸಿಬಿಟ್ಟಳು. ನಾನು ಬಾಗಿಲ ಹಿಂದೆ ನಿಂತವಳು ಕಣ್ಣು ಮುಚ್ಚಿಕೊಂಡೆ.

"ಮಲಗೋ ವ್ಯವಸ್ಥಾ?" ಎಂದರು ಸಾಹೇಬರು. ಈಗ ದನಿ ಸಣ್ಣದಾಗಿತ್ತು.

ಆಯಿ ಗೋಡೆಯ ಪಕ್ಕ ಕೌದಿ ಹಾಸಿದಳು. "ಅಡ್ಡಾಗಿ ನೋಡು. ಮೆತ್ತಗ ಅದನೋ ಇಲ್ಲೋ ನೀನೇ ಹೇಳು."

ಎರಡು ನಿಮಿಷ ಎಂದು ಅವರು ಒರಗಿದರು. ತಪಾಸಣೆಗೆಂದು ಅಲ್ಲೇ ಪಕ್ಕದಲ್ಲಿ ತಂದು ಕಟ್ಟಿದ್ದ ತೊಟ್ಟಿಲಲ್ಲಿ ನನ್ನ ಮಗಳಿಗೆ ಆಯಿ ಹಗ್ಗ ಎಳೆಯುತ್ತ ಜೋಗುಳ ಹಾಡಿದಳು. ಮೊದಲು ಸಾಹೇಬರಿಗೆ ನಿದ್ದೆ ಬಂತು, ಆಮೇಲೆ ಮಗಳಿಗೆ.

"ಆಯಿ, ಎಬ್ಬಸು. ಸಹಿ ಮಾಡಿಲ್ಲ ಅವರು," ಎಂದು ಪಿಸುಗುಟ್ಟಿದೆ.

"ಸುಮ್ನಿರು. ಅರ್ಧಾ ನಿದ್ದಿಗೆ ಎಬ್ಬಿಸಿದ್ರ ಸಂಜಿತನಕ ಕಿರಿಕಿರಿ ಮಾಡ್ತಾರ."

ನಾಲ್ಕು ಗಂಟೆಗೆ ಸಾಹೇಬರು ತಾವೇ ಎದ್ದರು. ಯಾರ ಮುಖವನ್ನೂ ನೋಡದೆ, ಬೇರೆ ಏನನ್ನೂ ಕೇಳದೆ, ಎಲ್ಲ ವ್ಯವಸ್ಥೆ ತೃಪ್ತಿಕರ ಎಂದು ಬರೆದು ಸಹಿ ಹಾಕಿದರು. ಆ ಸಹಿಯ ಮೇಲೆಯೇ ಮಾನ್ಯತೆ ಬಂತು, ಆಯಿ ಕಾಳಿನ ಮೊರ ಕೆಳಗಿಟ್ಟಳು, ನಾನು ಒಂದನೇ ತಾರೀಖಿಗೆ ಸರಿಯಾಗಿ ದಫ್ತರದಲ್ಲಿದ್ದೆ. ಆದರೆ ಇವತ್ತಿಗೂ ಕಣ್ಣ ಮುಂದೆ ಬರುವುದು ಸಾಹೇಬರು ಹೊರಟು ನಿಂತ ಗಳಿಗೆ. ಜೀಪಿನ ಡ್ರೈವರ್ ಕರೆಯಲು ಬಾಗಿಲಿಗೆ ಬಂದಿದ್ದ. ಆಯಿ ಸಾಹೇಬರ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿ, ಅವನ ಕೈಗೆ ಒಪ್ಪಿಸಿ ಹೇಳಿದಳು:

"ಊಟ ಛಲೋ ಮಾಡ್ಯಾನ. ಎರಡು ತಾಸು ಮಲಗ್ಯಾನ. ಒಂದಿಷ್ಟೂ ಹಠ ಮಾಡಿಲ್ಲ."